ಇಲ್ಲೇ ಮುಂದ ಐತ್ರೀ

ಗದಗ ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಗುಡ್ಡದ ಹಾದಿ ಕೇಳಿ ನೋಡಿ. ‘ಇಲ್ಲೇ ಮುಂದ ಐತ್ರೀ, ಹಳ್ಳಾ ದಾಟಿದ್ರ ಬಂತು’ ಎನ್ನುತ್ತಾರೆ. ಎಷ್ಟು ದೂರ ಎಂದು ಒತ್ತಿ ಕೇಳಿದರೆ ‘ಒಂದು ಬೀಡಿ ಸೇದೂದ್ರಾಗ ಮುಟ್ತೀರಿ’ ಎಂಬ ಉತ್ತರ. ಪೇಟೆಯವರಿಗೆ ಇದು ತಮಾಷೆ. ಆದರೆ ಸ್ವಿಟ್ಜರ್ಲೆಂಡಿನವರು ತಮ್ಮ 65,000 ಕಿಲೋಮೀಟರಿಗೂ ಮಿಕ್ಕಿದ ಕಾಲುಹಾದಿಗಳಿಗೆ ನೆಟ್ಟಿರುವ ಹಳದಿ ಫಲಕಗಳೂ ಇದೇ ಲೆಕ್ಕದವು. ಊರ ಹೆಸರು, ಪಕ್ಕದಲ್ಲಿ ಎಷ್ಟು ತಾಸು, ಎಷ್ಟು ನಿಮಿಷ. ಕಿಲೋಮೀಟರಿನ ಸುದ್ದಿಯೇ ಇಲ್ಲ. ಬೀಡಿಯ ಜಾಗದಲ್ಲಿ ಗಡಿಯಾರ ಕೂತಿದೆ, ಅಷ್ಟೆ.

ಗುಡ್ಡದಲ್ಲಿ ದೂರಕ್ಕೆ ಬೆಲೆ ಕಡಿಮೆ, ಏರಿಗೆ ಜಾಸ್ತಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸೂತ್ರ ಹಾಕಿಕೊಟ್ಟ. ಐದು ಕಿಲೋಮೀಟರಿಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಹನ್ನೆರಡು ಕಿಲೋಮೀಟರಿನ ಹಾದಿ 600 ಮೀಟರ್ ಏರಿದರೆ ಮೂರು ತಾಸು ಇಪ್ಪತ್ತನಾಲ್ಕು ನಿಮಿಷ ಬೇಕು. ಇದರಲ್ಲಿ ಕೂತದ್ದು, ಉಂಡದ್ದು, ಫೋಟೊ ತೆಗೆದದ್ದು ಯಾವುದೂ ಸೇರಿಲ್ಲ. ಮಾರ್ಚ್ ತಿಂಗಳ ನಮ್ಮ ಬಿಸಿಲಂತೂ ಆ ಪುಣ್ಯಾತ್ಮನ ಕನಸಿನಲ್ಲೂ ಬಂದಿರಲಿಕ್ಕಿಲ್ಲ. ಸೂತ್ರ ಕೊಟ್ಟ ಹೊತ್ತಿಗೆ ಅರ್ಧದಷ್ಟು ಮತ್ತೆ ಕೂಡಿಸಿ, ಕತ್ತಲಾಗುವ ಮುಂಚೆ ಇಳಿದು ಮುಗಿಯುತ್ತದೆಯೇ ನೋಡಿಕೊಂಡು ಹೊರಡುವುದು ಲೇಸು.

ಏರು ಎಷ್ಟಿದೆ ಎಂದು ಮನೆಯಲ್ಲೇ ಕೂತು ತಿಳಿಯಬಹುದು. ಶಾಲೆಯ ಭೂಗೋಳದಲ್ಲಿ ಅಂಕಕ್ಕಾಗಿ ಓದಿ ಮರೆತ ಸಮೋನ್ನತ ರೇಖೆಗಳು, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಇಲ್ಲಿ ಕೆಲಸಕ್ಕೆ ಬರುತ್ತವೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಸಾಮಾನ್ಯವಾಗಿ ಒಂದು ರೇಖೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಹಾದಿಯು ಒಂದು ಸೆಂಟಿಮೀಟರಿನಲ್ಲಿ ಐದು ರೇಖೆ ದಾಟಿತೆಂದರೆ 500 ಮೀಟರ್ ನಡೆಯುವುದರೊಳಗೆ 100 ಮೀಟರ್ ಮೇಲೆ. ಮಾತಾಡುತ್ತ ಹತ್ತುವ ಹಾದಿ ಅದಲ್ಲ. ರೇಖೆಗಳು ಬಾಣದ ಮೊನೆಯ ಹಾಗೆ ಬಾಗಿ ಎತ್ತರದ ಕಡೆ ಮುಖ ಮಾಡಿದ್ದರೆ ಅಲ್ಲೊಂದು ಹಳ್ಳ ಇದೆ. ಮಳೆಗಾಲದಲ್ಲಿ ಅದನ್ನು ದಾಟಬೇಕಾದೀತು. ಉಪಗ್ರಹದ ಚಿತ್ರದಲ್ಲಿ ಹಾದಿ ಬೆಳ್ಳಗೆ ಚೆಂದ ಕಾಣುತ್ತದೆ ನಿಜ. ಆದರೆ ಹೊಸ ತಂತಿ ಬೇಲಿ, ಹಳ್ಳದ ಆಳ, ಜಾಲಿಕಂಟಿ ಅದರಲ್ಲಿ ಕಾಣುವುದಿಲ್ಲ. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯುವುದು.

ಕಪ್ಪತಗುಡ್ಡ ಇದನ್ನೆಲ್ಲ ಕಲಿಯಲು ಒಳ್ಳೆಯ ಶಾಲೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಚಾಚಿಕೊಂಡ ಈ ಗುಡ್ಡಸಾಲು 2019ರಿಂದ ವನ್ಯಜೀವಿಧಾಮ. ಹೀಗಾಗಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ನುಗ್ಗುವಂತಿಲ್ಲ. ಮಳೆ ಹಿಡಿದ ಮೇಲೆ ನವೆಂಬರ್ ತನಕ ಹಸಿರು. ಬೇಸಿಗೆ ಬಂತೆಂದರೆ ಒಣಹುಲ್ಲು, ಬೆಂಕಿಯ ಭಯ. ಇಲ್ಲಿ ಹಾದಿ ತಪ್ಪಿಸುವವು ಆಡು-ಕುರಿಗಳು. ಅವುಗಳ ಜಾಡು ಮನುಷ್ಯರ ಹಾದಿಗಿಂತ ನುಣುಪಾಗಿ, ನಂಬುವ ಹಾಗೆ ಇರುತ್ತದೆ. ಗುರುತು ಹಿಡಿಯುವುದು ಹೀಗೆ: ಪಾದದಷ್ಟೇ ಅಗಲವಿದ್ದು ಇಳಿಜಾರಿನಲ್ಲಿ ಅಡ್ಡಡ್ಡ ಹೋಗುತ್ತಿದ್ದರೆ, ಒಂದರ ಮೇಲೊಂದು ಅಂಥವೇ ನಾಲ್ಕಾರು ಕಂಡರೆ, ಮುಖ್ಯವಾಗಿ ಸೊಂಟದ ಮಟ್ಟದಲ್ಲಿ ಕಂಟಿಯ ಕೊಂಬೆಗಳು ಮುರಿಯದೆ ಹಾದಿಗೆ ಅಡ್ಡ ಚಾಚಿದ್ದರೆ ಅದು ಕುರಿಯ ಜಾಡು. ಕುರಿ ಕೆಳಗೆ ನುಸುಳುತ್ತದೆ, ಮನುಷ್ಯ ಕೊಂಬೆ ಸರಿಸಿಯೋ ಮುರಿದೋ ಹೋಗುತ್ತಾನೆ. ಮನುಷ್ಯರ ಹಾದಿ ನೀರಿಗೋ ಗುಡಿಗೋ ಊರಿಗೋ ಮುಟ್ಟಿಸುತ್ತದೆ. ಕುರಿಯ ಜಾಡು ಹುಲ್ಲಿದ್ದಲ್ಲಿ ಮುಗಿಯುತ್ತದೆ.

ಹೊರದೇಶದ ಹಾದಿಗಳಲ್ಲಿ ಈ ಗೊಂದಲಕ್ಕೆ ಬಣ್ಣ ಬಳಿದಿದ್ದಾರೆ. ಫ್ರಾನ್ಸಿನ ದೂರಹಾದಿಗಳಲ್ಲಿ ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ. ಅವೆರಡೂ ಕತ್ತರಿಯಾಗಿ ಕೂಡಿದ್ದರೆ ‘ಈ ಕಡೆ ಬ್ಯಾಡ’ ಎಂದು. ಅಮೆರಿಕದ ಅಪಲಾಚಿಯನ್ ಹಾದಿ ಸುಮಾರು 3,500 ಕಿಲೋಮೀಟರ್. ಉದ್ದಕ್ಕೂ ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಗುರುತು. ಒಂದರ ಮೇಲೊಂದು ಎರಡು ಗುರುತು ಕಂಡರೆ ತಿರುವು ಬಂತು, ಎಚ್ಚರ. ಸ್ಪೇನಿನ ಸಾಂತಿಯಾಗೊ ಯಾತ್ರೆಯ ಹಾದಿಗೆ ಹಳದಿ ಬಾಣಗಳು. ಓ ಸೆಬ್ರೆರೊ ಎಂಬ ಊರಿನ ಪಾದ್ರಿ ಎಲಿಯಾಸ್ ವಾಲಿನ್ಯ 1980ರ ದಶಕದಲ್ಲಿ ಡಬ್ಬಿ-ಕುಂಚ ಹಿಡಿದು ಬರೆಯತೊಡಗಿದ್ದು ಅವು. ಅಲ್ಲಿ ಕೊನೆಯ 100 ಕಿಲೋಮೀಟರನ್ನಾದರೂ ನಡೆದವರಿಗೆ ಪ್ರಮಾಣಪತ್ರ ಉಂಟು. ನಡೆದಿದ್ದಕ್ಕೆ ಸಾಕ್ಷಿಯಾಗಿ ದಾರಿಯುದ್ದಕ್ಕೂ ಠಸ್ಸೆ ಒತ್ತಿಸಿಕೊಳ್ಳಬೇಕು. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ನಮ್ಮ ಮಂದಿ ಇದನ್ನು ಕೇಳಿದರೆ ನಕ್ಕಾರು. ಮಲ್ಲಯ್ಯನಿಗೆ ಠಸ್ಸೆ ತೋರಿಸುವ ಪಾಳಿ ಇನ್ನೂ ಬಂದಿಲ್ಲ. ಆದರೆ ನಡಿಗೆಯ ಶಿಸ್ತು ಅವರಿಂದಲೇ ಕಲಿಯಬೇಕು. ನಸುಕಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ನೆರಳು ಹಿಡಿದು, ಹೊತ್ತು ಇಳಿದ ಮೇಲೆ ಮತ್ತೆ ನಡೆಯುತ್ತಾರೆ. ಆಲ್ಪ್ಸ್ ಪರ್ವತದವರೂ ಬೇಸಿಗೆಯಲ್ಲಿ ಬೆಳಗಿನ ಜಾವವೇ ಹೊರಡುತ್ತಾರೆ. ಅಲ್ಲೂ ಮಧ್ಯಾಹ್ನದ ಮೇಲೆ ನಮ್ಮ ಅಡ್ಡಮಳೆಯಂತೆ ಗುಡುಗು-ಸಿಡಿಲು ಏಳುತ್ತದೆ. ಬೋಳು ನೆತ್ತಿಯ ಮೇಲೆ ಆಗ ಮನುಷ್ಯನೇ ಎತ್ತರದ ಕಂಬ.

ಹೆಸರಾದ ಹಾದಿಗಳಿಗೆ ತಿಂಗಳು ನೋಡದೆ ಹೋಗುವುದು ಎಲ್ಲಕ್ಕಿಂತ ದೊಡ್ಡ ದಂಡ. ಆಲ್ಪ್ಸಿನ ಮೌಂಟ್ ಬ್ಲಾಂಕ್ ಪರ್ವತ ಸುತ್ತಿ ಮೂರು ದೇಶ ಹಾಯುವ ಸುಮಾರು 170 ಕಿಲೋಮೀಟರ್ ಹಾದಿ ನಡೆಯಲು ಅನುಕೂಲವಾಗುವುದು ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ. ಆಚೀಚೆ ಹೋದರೆ ಕಣಿವೆದಾರಿಗಳಲ್ಲಿ ಹಿಮ. ಪೆರುವಿನ ಇಂಕಾ ಹಾದಿ ಫೆಬ್ರವರಿಯಿಡೀ ಬಂದ್. ಉತ್ತರಾಖಂಡದ ಹೂಗಳ ಕಣಿವೆ ಜೂನ್ ಒಂದಕ್ಕೇ ತೆರೆದರೂ ಹೂ ತುಂಬುವುದು ಜುಲೈ ನಡುವಿನಿಂದ. ‘ಹೂವೇ ಇಲ್ಲ’ ಎಂದು ಬೈದು ಬರುವವರು ಹೆಚ್ಚಾಗಿ ಜೂನ್ ಮೊದಲ ವಾರದವರು.

ಇನ್ನು ಎತ್ತರ. ಧಾರವಾಡ ಇರುವುದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲೆ. ದಿನಾ ಬೆಳಿಗ್ಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿದರೆ ತೊಡೆ ಗಟ್ಟಿಯಾದೀತು, ದಮ್ಮು ಬಂದೀತು. ಆದರೆ 2,500 ಮೀಟರ್ ದಾಟಿದ ಮೇಲೆ ಹಿಡಿಯುವ ತಲೆನೋವು, ವಾಕರಿಕೆಗೆ ಅದು ಮದ್ದಲ್ಲ. ಪೈಲ್ವಾನರೂ ಅಲ್ಲಿ ಮಲಗುತ್ತಾರೆ, ಯಾಕೆಂದರೆ ಅದು ತಾಕತ್ತಿನ ಪ್ರಶ್ನೆಯಲ್ಲ, ಮೈ ಒಗ್ಗಲು ಬೇಕಾದ ದಿನಗಳ ಪ್ರಶ್ನೆ. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವು ಬಲವಾದರೆ ಮುಂದೆ ಹೋಗುವ ಮಾತೇ ಬೇಡ, ಇಳಿಯಬೇಕು.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿಯಲ್ಲಿ ಎಣ್ಣೆ-ಉಪ್ಪು-ಖಾರ ಎಲ್ಲ ಇದೆ, ಅಂಟಿನುಂಡಿ ಒಂದು ತಿಂದರೆ ಎರಡು ತಾಸು ಹೊಟ್ಟೆ ಸುಮ್ಮನಿರುತ್ತದೆ. ಒಂದೇ ತೊಂದರೆ, ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಚೀಲಕ್ಕೆ ತುರುಕಿದರೆ ಮಧ್ಯಾಹ್ನಕ್ಕೆ ಹಿಟ್ಟು. ಮುರಿದೇ ಡಬ್ಬಿಗೆ ತುಂಬಿಕೊಳ್ಳಿ. ನೀರು ತಾಸಿಗೆ ಅರ್ಧ ಲೀಟರ್, ಬಿಸಿಲಲ್ಲಿ ಒಂದು ಲೀಟರಿನ ಹತ್ತಿರ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ನೀರೊಂದನ್ನೇ ಸುರಿದುಕೊಳ್ಳದೆ ನಡುವೆ ಉಪ್ಪು ಹಾಕಿದ ಲಿಂಬೆ ಪಾನಕ ಇರಲಿ.

ಬೂಟನ್ನು ಸಂಜೆ ಕೊಳ್ಳಬೇಕು, ಆಗ ಪಾದ ಉಬ್ಬಿರುತ್ತದೆ. ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲು ಹತ್ತುವಾಗ ಬೂಟಿನ ಗುಣ ತಿಳಿಯುವುದಿಲ್ಲ, ಇಳಿಯುವಾಗ ತಿಳಿಯುತ್ತದೆ. ಬೆರಳು ಮುಂದೆ ಬಡಿದರೆ ಎರಡು ದಿನದಲ್ಲಿ ಉಗುರು ಕಪ್ಪು. ಇಳಿಯುವ ಮೊದಲು ಕಣಕಾಲಿನ ಹತ್ತಿರ ಲೇಸನ್ನು ಬಿಗಿದು ಕಟ್ಟಿದರೆ ಹಿಮ್ಮಡಿ ಹಿಂದೆಯೇ ನಿಲ್ಲುತ್ತದೆ. ಹತ್ತಿಯ ಕಾಲುಚೀಲ ಬೆವರು ಕುಡಿದು ಒದ್ದೆಯಾಗಿ ತಿಕ್ಕುತ್ತದೆ. ಉಣ್ಣೆಯದೋ ಸಿಂಥೆಟಿಕ್ಕಿನದೋ ಉತ್ತಮ. ಪಾದದಲ್ಲಿ ಎಲ್ಲೋ ಚುರುಗುಟ್ಟಿತೆಂದರೆ ಅಲ್ಲೇ ಕೂತು ಟೇಪ್ ಅಂಟಿಸಬೇಕು. ‘ಮುಂದಿನ ಊರಾಗ ನೋಡೂಣು’ ಎಂದರೆ ಮುಂದಿನ ಊರಿಗೆ ಬೊಬ್ಬೆಯೂ ಜೊತೆಗೆ ಬರುತ್ತದೆ.

ಮಳೆಯಾದ ಮೇಲೆ ನವಲಗುಂದದ ಕಡೆಯ ಎರೆಹೊಲದಲ್ಲಿ ನಡೆದರೆ ಬೇರೆಯೇ ಪರೀಕ್ಷೆ. ಹತ್ತು ಹೆಜ್ಜೆಗೆ ಬೂಟು ಎರಡಾಗುತ್ತದೆ, ಇಪ್ಪತ್ತಕ್ಕೆ ಆನೆಯ ಪಾದ. ಎರೆಮಣ್ಣಿನ ಜಿಗುಟು ಅಷ್ಟಿಷ್ಟಲ್ಲ. ಹಸಿಯಿದ್ದಾಗ ಕೆರೆದರೆ ಇನ್ನಷ್ಟು ಹರಡುತ್ತದೆ, ಒಣಗಿದ ಮೇಲೆ ಬಡಿದರೆ ಹೆಂಟೆಯಾಗಿ ಉದುರುತ್ತದೆ. ಅಡಿಯ ಗೀರುಗಳಲ್ಲಿ ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಈ ಕೆಲಸದಲ್ಲಿ ಮೈಗಳ್ಳತನ ಮಾಡಿ ಅದೇ ಬೂಟಿನಲ್ಲಿ ನ್ಯೂಜಿಲೆಂಡಿಗೆ ಹೊರಟವರಿಗೆ, ಅಂದರೆ 53.5 ಕಿಲೋಮೀಟರಿನ ಮಿಲ್‌ಫರ್ಡ್ ಹಾದಿಗೆ ತಿಂಗಳುಗಳ ಮುಂಚೆ ಜಾಗ ಕಾಯ್ದಿರಿಸಿಕೊಂಡು ಹೋದವರಿಗೆ, ವಿಮಾನ ನಿಲ್ದಾಣದಲ್ಲೇ ತಡೆ. ಅಲ್ಲಿ ಬಳಸಿದ ಬೂಟು, ಟೆಂಟು, ತಿನಿಸು ಎಲ್ಲವನ್ನೂ ಫಾರ್ಮಿನಲ್ಲಿ ಬರೆದು ತೋರಿಸಬೇಕು. ಮಣ್ಣಿನ ಜೊತೆ ರೋಗ, ಬೀಜ ಬರುತ್ತವೆಂಬ ಅಂಜಿಕೆ ಅವರಿಗೆ. ತೋರಿಸಿದರೆ ಪರೀಕ್ಷೆ ಮಾಡಿ, ಬೇಕಾದರೆ ತೊಳೆಸುತ್ತಾರೆ. ಮುಚ್ಚಿಟ್ಟು ಸಿಕ್ಕರೆ ನಿಂತ ಕಾಲಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಶೇಂಗಾ ಹಿಂಡಿಯ ಡಬ್ಬಿಯನ್ನೂ ಬರೆಯಲು ಮರೆಯಬೇಡಿ.