ಕಡಿಮೆ ಖರ್ಚಿನ ಸೈಕಲ್ ಯಾತ್ರೆ, ಸುಲಭ ಕಂತುಗಳಲ್ಲಿ

ದುಬಾರಿ ಸೈಕಲ್ ಗುರುತಿಸುವುದು ಈಗ ಬಹಳ ಸುಲಭ. ಅದರಲ್ಲಿ ಏನೇನಿಲ್ಲ ಎಂದು ಎಣಿಸಿದರಾಯಿತು. ಮಡ್‌ಗಾರ್ಡ್ ಇಲ್ಲದಿದ್ದರೆ ಮಧ್ಯಮ ವರ್ಗ, ಸ್ಟ್ಯಾಂಡೂ ಕ್ಯಾರಿಯರೂ ಇಲ್ಲದಿದ್ದರೆ ಮೇಲ್ಮಧ್ಯಮ, ಪೆಡಲ್ಲೇ ಇಲ್ಲದಿದ್ದರೆ ಸಾಕ್ಷಾತ್ ಕುಬೇರ. (ತಮಾಷೆಯಲ್ಲ, ಒಂದು ಮಟ್ಟದ ಮೇಲಿನ ಸೈಕಲ್ಲುಗಳನ್ನು ಪೆಡಲ್ ಇಲ್ಲದೆಯೇ ಮಾರುತ್ತಾರೆ.) ಯಾಕಪ್ಪಾ ಹೀಗೆ ಎಂದರೆ "ವೆಯ್ಟ್ ಕಮ್ಮಿ ಸರ್" ಎಂಬ ಉತ್ತರ ಸಿದ್ಧವಿರುತ್ತದೆ. ಕ್ಯಾರಿಯರ್ ಬಿಚ್ಚಿ 700 ಗ್ರಾಂ ಉಳಿಸಿಕೊಟ್ಟ ಅದೇ ಅಂಗಡಿಯವರು ಪಕ್ಕದ ಕಪಾಟಿನಲ್ಲಿ ಸೀಟಿನ ಹಿಂದಕ್ಕೊಂದು, ಹ್ಯಾಂಡಲಿಗೊಂದು, ಫ್ರೇಮಿನ ತ್ರಿಕೋನಕ್ಕೊಂದು ಚೀಲ ಜೋಡಿಸಿಟ್ಟಿರುತ್ತಾರೆ. ಮೂರರ ಖಾಲಿ ತೂಕವೇ ಒಂದು ಕೆಜಿ ಆಸುಪಾಸು. ವಿದೇಶಿ ಮಾಲಾದರೆ ಆ ದುಡ್ಡಿಗೆ ಇನ್ನೊಂದು ಸೈಕಲ್ ಬರುತ್ತದೆ, ಅದೂ ಕ್ಯಾರಿಯರ್ ಸಮೇತ. ಕಡಿಮೆ ಖರ್ಚಿನಲ್ಲಿ ಊರು ಸುತ್ತಬೇಕೆಂಬ ಸರಳ ಜೀವಿಗಳಿಗೆ ಕಾರ್ಡಿನ ಮೇಲೆ ಕಂತಿನ ಸೌಲಭ್ಯವೂ ಉಂಟು.

ಆ ಚೀಲಗಳಿಗೆ ತಮ್ಮ ಹುಟ್ಟೂರಿನಲ್ಲಿ ಒಂದು ಮರ್ಯಾದೆ ಇತ್ತೆನ್ನಿ. ಅಲಾಸ್ಕಾದ ಹಿಮದ ಹಾದಿ, ಕೆನಡಾದ ಬ್ಯಾನ್ಫ್‌ನಿಂದ ರಾಕಿ ಪರ್ವತಗಳನ್ನು ಹತ್ತಿಳಿಯುತ್ತ ಮೆಕ್ಸಿಕೊ ಗಡಿ ಮುಟ್ಟುವ 4,000 ಕಿಮೀಗೂ ಮಿಕ್ಕಿದ ಕಚ್ಚಾ ದಾರಿ, ಇಂಥ ಕಡೆ ದಿನವಿಡೀ ಕುಲುಕಿ ಕ್ಯಾರಿಯರಿನ ಬೋಲ್ಟು ಸಡಿಲವಾಗುತ್ತದೆ, ಸರಳು ಮುರಿಯುತ್ತದೆ. ಕಾಲುದಾರಿಯಲ್ಲಿ ಪಕ್ಕದ ಚೀಲ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕ್ಯಾರಿಯರ್ ಬಿಟ್ಟರು, ಚೀಲವನ್ನು ಸೈಕಲ್ಲಿನ ಮೈಗೇ ಬಿಗಿದರು. ಇದಕ್ಕೇ ಬೈಕ್‌ಪ್ಯಾಕಿಂಗ್ ಎಂದು ಹೆಸರು. ನಮ್ಮವರು ಅದೇ ಏರ್ಪಾಡನ್ನು ನಂದಿಬೆಟ್ಟದ ಟಾರು ರಸ್ತೆಗೆ ತಂದಿದ್ದಾರೆ. ಬೆಂಗಳೂರಿನಿಂದ 60 ಕಿಮೀ, ದಾರಿಯಲ್ಲಿ ಬೇಕಾದಷ್ಟು ಹೋಟೆಲು. ಚೀಲದಲ್ಲಿ ಮಾತ್ರ ಟೈಟಾನಿಯಂ ಪಾತ್ರೆ, ಸ್ಟವ್, ಎರಡು ಹೊತ್ತಿನ ಓಟ್ಸ್.

ಅದೇ ರಸ್ತೆಯ ಒಳಗಲ್ಲಿಗಳಲ್ಲಿ ಅಡುಗೆ ಅನಿಲ ತರುವವರ ಸೈಕಲ್ ನೋಡಿ. ಒಂದು ಸಿಲಿಂಡರಿನಲ್ಲಿ 14.2 ಕೆಜಿ ಅನಿಲ, ಹೆಚ್ಚುಕಡಿಮೆ ಅಷ್ಟೇ ತೂಕದ ಉಕ್ಕು. ಕ್ಯಾರಿಯರಿನ ಎರಡೂ ಬದಿ ಕೊಕ್ಕೆಗೆ ಒಂದೊಂದು ನೇತುಹಾಕಿದರೆ 60 ಕೆಜಿ. ಭಾರವೆಲ್ಲ ಚಕ್ರದ ಅಚ್ಚಿನ ಆಸುಪಾಸಿನ ಎತ್ತರದಲ್ಲಿ, ಎಡಬಲ ಸಮ. ಇದಕ್ಕಿಂತ ಚೆಂದದ ಜೋಡಣೆ ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇಲ್ಲ. ಆದರೆ ಈ ಮನುಷ್ಯ ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿ, ಸರ್ವಿಸ್ ಲಿಫ್ಟ್ ಎಲ್ಲಿದೆ ಎಂದು ಕೇಳಬೇಕು. ನಾಲ್ಕು ಕೆಜಿ ಹಾಸಿಗೆ ಕಟ್ಟಿಕೊಂಡು ಬಂದವರು ಸೈಕಲ್ ಸಮೇತ ಮುಖ್ಯ ಲಿಫ್ಟಿನಲ್ಲೇ ಹತ್ತನೇ ಮಹಡಿಗೆ ಹೋಗುತ್ತಾರೆ.

ಕಂತು ಬೇಡ, ಸಾಮಾನು ಮಾತ್ರ ಹೋಗಬೇಕು ಎನ್ನುವ ಜಿಪುಣರಿಗೂ ದಾರಿ ಇದೆ. ಹಿಂಚಕ್ರದ ಅಚ್ಚಿನ ಪಕ್ಕ ಫ್ರೇಮಿನಲ್ಲಿ ಥ್ರೆಡ್ ಇರುವ ತೂತಿದೆಯೇ ನೋಡಿ. ಇದ್ದರೆ 5 ಮಿಮೀ ಬೋಲ್ಟಿನಲ್ಲಿ ಸಾಮಾನ್ಯ ಕ್ಯಾರಿಯರ್ ಕೂರುತ್ತದೆ, ಬೈಕ್‌ಪ್ಯಾಕಿಂಗ್ ಸಮಸ್ಯೆ ಅಲ್ಲಿಗೇ ಮುಗಿಯಿತು (ಅದಕ್ಕೇ ಇದನ್ನು ಯಾರೂ ಹೇಳಿಕೊಡುವುದಿಲ್ಲ). ಬಲಬದಿಯ ಬೋಲ್ಟಿನ ತುದಿ ಒಳಗೆ ಹೆಚ್ಚು ಚಾಚಬಾರದು. ಚಾಚಿದರೆ ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಬಂದಾಗ ಚೈನು ಅದಕ್ಕೆ ಉಜ್ಜುತ್ತದೆ. ಉದ್ದ ಹೆಚ್ಚಿದ್ದರೆ ಹೊರಗಡೆ ಎರಡು ವಾಷರ್ ಹಾಕಿ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕ್ಯಾರಿಯರಿನ ಎಡಗಾಲಿಗೆ ಅಡ್ಡ ಬಂದರೆ 15–20 ಮಿಮೀ ಅಲ್ಯೂಮಿನಿಯಂ ಕೊಳವೆ ತುಂಡು ಮಧ್ಯೆ ಇಟ್ಟು ಉದ್ದದ ಬೋಲ್ಟು ಹಾಕಬಹುದು. ಆದರೆ ಹೊರಗೆ ಚಾಚಿದ ಬೋಲ್ಟು ಬಾಗುತ್ತದೆ, ಹೊರೆಯನ್ನು ಅರ್ಧಕ್ಕಿಳಿಸಿ. ತೂತೇ ಇಲ್ಲದ ಫ್ರೇಮಿಗೆ ರಬ್ಬರ್ ಒಳಪದರದ ಪಿ ಆಕಾರದ ಕ್ಲಿಪ್ಪುಗಳಿವೆ. ಕಾರ್ಬನ್ ಫ್ರೇಮಾದರೆ ಅದನ್ನೂ ಮರೆಯಿರಿ. ಅದು ಹಿಸುಕಿದರೆ ಸೀಳುತ್ತದೆ.

ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಳ್ಳುವ ಕ್ಯಾರಿಯರನ್ನು "ಎಲ್ಲಾ ಸೈಕಲ್ಲಿಗೂ ಆಗುತ್ತೆ" ಎಂದು ಮಾರುತ್ತಾರೆ. ಆಗುತ್ತದೆ, ನಿಂತಿರುವಾಗ. ಒಂದೇ ಹಿಡಿತವಿರುವುದರಿಂದ ಹತ್ತು ಕೆಜಿ ಹೊರೆಗೆ ಮೊದಲ ಹಳ್ಳದಲ್ಲೇ ಪಕ್ಕಕ್ಕೆ ತಿರುಗಿ, ಚೀಲದ ಮೂಲೆ ಚಕ್ರಕ್ಕೆ ಉಜ್ಜುತ್ತದೆ.

ಕ್ಯಾರಿಯರ್ ಬೇಡವೇ ಬೇಡ ಎನ್ನುವವರು ಪಂಕ್ಚರ್ ಅಂಗಡಿಗೆ ಹೋಗಲಿ. ಅಲ್ಲಿ ಮೂಲೆಯಲ್ಲಿ ಬಿದ್ದಿರುವ ಹಳೆಯ ಸ್ಕೂಟರ್ ಟ್ಯೂಬು ಕೇಳಿದರೆ ಚಿಲ್ಲರೆ ಕಾಸಿಗೋ ಪುಕ್ಕಟೆಯಾಗಿಯೋ ಸಿಗುತ್ತದೆ. ವಾಲ್ವ್ ಇರುವ ಜಾಗ ಕತ್ತರಿಸಿ ತೆಗೆದು, ಉದ್ದಕ್ಕೆ 2–3 ಸೆಂಮೀ ಅಗಲದ ಪಟ್ಟಿ ಮಾಡಿ, ಒಳಗಿನ ಬಿಳಿ ಪುಡಿ ತೊಳೆಯಿರಿ. ಪುಡಿ ಇದ್ದರೆ ಗಂಟು ಜಾರುತ್ತದೆ. ಚೈನಿನ ಎಣ್ಣೆ ತಾಗಿದರೆ ರಬ್ಬರು ಉಬ್ಬುತ್ತದೆ, ಬಿಸಿಲಿಗೆ ಕ್ರಮೇಣ ಬಿರಿಯುತ್ತದೆ, ಆದ್ದರಿಂದ ಎರಡು ಪಟ್ಟಿ ಹೆಚ್ಚಿಗೆ ಇಟ್ಟುಕೊಳ್ಳಿ. ಚೀಲವನ್ನೂ ಸೈಕಲ್ಲನ್ನೂ ಸೇರಿಸಿ ಎಳೆದು ಎರಡು ಸುತ್ತು ಸುತ್ತಿ, ತುದಿಯನ್ನು ಸುತ್ತಿನಡಿಗೆ ತೂರಿಸಿ, ಎಳೆದರೆ ಬಿಚ್ಚುವಂಥ ಗಂಟು ಹಾಕಿದರೆ ಕಂಪನಿ ಪಟ್ಟಿಯ ಕೆಲಸವನ್ನೇ ಮಾಡುತ್ತದೆ. ಕೊರತೆ ಒಂದೇ, ಅದರ ಮೇಲೆ ಹೆಸರು ಮುದ್ರಿಸಿರುವುದಿಲ್ಲ. ಎರಡೂ ತುದಿಗೆ ಕಬ್ಬಿಣದ ಕೊಕ್ಕೆಯಿರುವ ಇಲಾಸ್ಟಿಕ್ ಹಗ್ಗ ಮಾತ್ರ ಬೇಡ. ಕುಲುಕಿದಾಗ ಹೊರೆ ಜೊತೆಗೇ ಕುಣಿಯುತ್ತದೆ, ಕೊಕ್ಕೆ ಕಳಚಿ ಸ್ಪೋಕಿಗೆ ಬಿದ್ದರೆ ಚಕ್ರ ಅಲ್ಲೇ ಹಿಡಿದುಕೊಳ್ಳುತ್ತದೆ.

ಹ್ಯಾಂಡಲಿಗೆ ಹಗುರವಾದ ಉಬ್ಬು ಸಾಮಾನು ಮಾತ್ರ: ರಗ್ಗು, ಬಟ್ಟೆ. ಮೂರು ಕೆಜಿ ದಾಟಿದರೆ ತಿರುವಿನಲ್ಲಿ ಮುಂಚಕ್ರ ತಡವಾಗಿ ಮಾತು ಕೇಳುತ್ತದೆ. ಚೀಲಕ್ಕೂ ಹ್ಯಾಂಡಲಿಗೂ ನಡುವೆ ಎರಡು ಬೆರಳು ದಪ್ಪದ ಫೋಮ್ ತುಂಡು ಇಡದಿದ್ದರೆ ಬ್ರೇಕು, ಗೇರಿನ ಕೇಬಲ್ಲು ಮಡಚಿಕೊಂಡು ಗೇರು ತಾನಾಗಿ ಬದಲಾಗುತ್ತದೆ. ಚೀಲ ತಾಗುವ ಕಡೆ ಪೇಂಟು ಹೋಗುತ್ತದೆ, ಅಲ್ಲಿಗೂ ಟ್ಯೂಬಿನ ತುಂಡೇ ಮದ್ದು. ನೀರು, ಪಾನಾ, ಚೈನ್ ಲಾಕು ಫ್ರೇಮಿನ ತ್ರಿಕೋನಕ್ಕೆ, ಆದಷ್ಟು ಕೆಳಗೆ. ದಪ್ಪ 6 ಸೆಂಮೀ ಮೀರಿದರೆ ಮಂಡಿ ತಾಗುತ್ತದೆ.

ಸೀಟಿನ ಹಿಂದಿನ ಚೀಲ ನಾಯಿ ಬಾಲದಂತೆ ಅಲ್ಲಾಡುವುದು ಬಹಳ ಮಂದಿಯ ಗೋಳು. ಕಾರಣ ಚೀಲದ ಬ್ರಾಂಡಲ್ಲ, ಭಾರದ ವಸ್ತು ತುದಿಯಲ್ಲಿರುವುದು. ಭಾರವಾದದ್ದು ಸೀಟಿನ ಕಂಬದ ಬುಡಕ್ಕೆ ಒತ್ತಿಕೊಂಡಿರಲಿ, ತಳಕ್ಕೆ ಹಳೆಯ ಪ್ಲಾಸ್ಟಿಕ್ ಫೈಲಿನ ರಟ್ಟು ಹಾಕಿ, ಗಾಳಿ ಹೊರಗೆ ಹೋಗುವಂತೆ ಹಿಂಡಿ ಸುತ್ತಿ. ಟೈರಿಗೂ ಚೀಲಕ್ಕೂ ನಾಲ್ಕು ಬೆರಳು ಅಂತರ ಬೇಕು. ನೀವು ಸೀಟಿನ ಮೇಲೆ ಕೂತ ಮೇಲೆ ಅಳೆಯಿರಿ, ಅಂಗಡಿಯ ಗೋಡೆಗೆ ಒರಗಿಸಿಟ್ಟಾಗ ಅಲ್ಲ. ಕುಳ್ಳಗಿನವರ ಸೈಕಲ್ಲಿನಲ್ಲಿ ಆ ಅಂತರವೇ ಇರುವುದಿಲ್ಲ. ಜಾಹೀರಾತಿನ ಸವಾರರೆಲ್ಲ ಆರಡಿ ಇರುವುದು ಸುಮ್ಮನೆ ಅಲ್ಲ.

ಮಳೆಗೆ "ಜಲನಿರೋಧಕ" ಎಂದು ಬರೆದದ್ದನ್ನು ಆಗುಂಬೆಯಲ್ಲಿ ನಂಬಬೇಡಿ. ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಕವರ್, ಬಾಯಿ ತಿರುಚಿ ಮಡಚಿ ಟ್ಯೂಬಿನ ಉಂಗುರ ಹಾಕಿದರೆ ಒಗೆದ ಬನಿಯನ್ನು ಒಣಗಿಯೇ ಇರುತ್ತದೆ.

ಹೊರಡುವ ಹಿಂದಿನ ದಿನ ಎಲ್ಲ ಕಟ್ಟಿ, ಹಿಂಚಕ್ರವನ್ನು ಗೇಣು ಎತ್ತರಕ್ಕೆತ್ತಿ ಬಿಡಿ, ಗಡಗಡ ಎಂದದ್ದನ್ನು ಬಿಗಿ ಮಾಡಿ. ಆಮೇಲೆ ಬೀದಿಗೆ ಒಂದು ಸುತ್ತು. ಬಣ್ಣವಿಲ್ಲದ, ಫಲಕವಿಲ್ಲದ, ಯಾವ ಅಳತೆಗೂ ಸಿಗದ ರಸ್ತೆ ಉಬ್ಬು ಪ್ರತಿ ಬಡಾವಣೆಯಲ್ಲೂ ಇದೆ. ನಾಲ್ಕು ದಾಟಿದ ಮೇಲೂ ಚೀಲ ಕದಲದಿದ್ದರೆ ಮಡಿಕೇರಿಯವರೆಗೆ ಕದಲುವುದಿಲ್ಲ. ಈ ಪರೀಕ್ಷಾ ಕೇಂದ್ರವನ್ನು ಆಗಲೇ ನಮ್ಮ ತೆರಿಗೆ ದುಡ್ಡಿನಲ್ಲಿ ಕಟ್ಟಿಯಾಗಿದೆ, ಕಂತು ಕಟ್ಟಬೇಕಿಲ್ಲ.