ಡಬ್ಬದ ಮೇಲಿನ ವ್ಯಾಟ್ ನಂಬಿ ಕೆಟ್ಟೆ

ಗ್ರೋ ಲೈಟ್ (ಗಿಡ ಬೆಳೆಸಲು ಉರಿಸುವ ದೀಪ) ಡಬ್ಬದ ಮೇಲಿರುವ ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ ಅಂತ ನಿಮ್ಮ ಬರಹದಲ್ಲಿ ಬರೆದಿದ್ದೀರಿ. ಸೂತ್ರ ಸರಿ, ಡಬ್ಬ ಸರಿಯಿಲ್ಲ!

ನನ್ನ ದೀಪದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಅಂತಿತ್ತು. ದಿನಕ್ಕೆ 14 ಗಂಟೆ ಅಂದ್ರೆ 14 ಯೂನಿಟ್, ತಿಂಗಳಿಗೆ 420. ಎದೆ ಧಸಕ್ಕೆಂದಿತು. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಹಾಕಿ ನೋಡಿದರೆ ತೋರಿಸಿದ್ದು 104 ವ್ಯಾಟ್ ಮಾತ್ರ. ಅಂದರೆ ತಿಂಗಳಿಗೆ ಸುಮಾರು 44 ಯೂನಿಟ್. ಆ 1000 ಅನ್ನೋದು ಹಳೇ ನಮೂನೆಯ ದೀಪಕ್ಕೆ ಹೋಲಿಸಿ ಹೇಳಿದ ‘ಸಮಾನ’ ವ್ಯಾಟ್. ಸುಮ್ನೆ ಮಾರಾಟದ ಮಾತು ಅಷ್ಟೇ.

ಪ್ಲಗ್ ಮೀಟರ್ ಇಲ್ಲದವರು ಮನೆಯ ಡಿಜಿಟಲ್ ಮೀಟರನ್ನೇ ನೋಡಬಹುದು. ಬೇರೆಲ್ಲ ಆಫ್ ಮಾಡಿ, ದೀಪವೊಂದನ್ನೇ ಉರಿಸಿ, ಕೆಂಪು ಚುಕ್ಕೆ ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ ಅಂತ ಎಣಿಸಿ. ಯೂನಿಟ್‌ಗೆ 3200 ಮಿನುಗು ಅಂತ ಮೀಟರ್ ಮೇಲೆ ಬರೆದಿದ್ದರೆ, 100 ವ್ಯಾಟ್‌ಗೆ ಸುಮಾರು 11 ಸೆಕೆಂಡಿಗೊಮ್ಮೆ ಮಿನುಗಬೇಕು. ಫ್ರಿಜ್ ಆಫ್ ಮಾಡಲು ಮರೆತು ನಾನು ಒಮ್ಮೆ ಪೂರ್ತಿ ತಪ್ಪು ಲೆಕ್ಕ ಬರೆದುಕೊಂಡಿದ್ದೆ, ಅದು ಬೇರೆ ಕಥೆ.

ಇನ್ನೊಂದು. ಬಳಕೆ ಹೆಚ್ಚಿದಂತೆ ದರವೂ ಏರುವ ಸ್ಲ್ಯಾಬ್ ಬಿಲ್ ಆದರೆ ಸರಾಸರಿ ದರ ಹಿಡಿಯಬೇಡಿ. ದೀಪದ ಯೂನಿಟ್‌ಗಳು ಈಗಿನ ಬಳಕೆಯ ಮೇಲೆ ಸೇರುವಂಥವು, ಅವಕ್ಕೆ ಬೀಳುವುದು ಮೇಲಿನ ಸ್ಲ್ಯಾಬಿನ ದರವೇ ಅಲ್ವಾ? ಜೊತೆಗೆ ಫ್ಯಾನ್ ಓಡಿಸುತ್ತಿದ್ದರೆ ಅದರದ್ದೂ ಸೇರಿಸಿ. ದೀಪ ಆನ್-ಆಫ್ ಮಾಡುವ ಟೈಮರ್ ತಿನ್ನುವ ಕರೆಂಟ್ ಲೆಕ್ಕಕ್ಕೇ ಇಲ್ಲ.