ಯೂರೋವಿಷನ್ ನಡೆಸೋದು ಯುರೋಪಿಯನ್ ಯೂನಿಯನ್ ಅಲ್ಲ

"ಯೂರೋವಿಷನ್ ಹಾಡಿನ ಸ್ಪರ್ಧೆ ಯುರೋಪಿಯನ್ ಯೂನಿಯನ್‌ನದ್ದು. ಆಸ್ಟ್ರೇಲಿಯಾವನ್ನು ಸೇರಿಸಿದ್ದು ನಿಯಮಕ್ಕೆ ವಿರುದ್ಧ" ಎಂಬ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತದೆ. ಇದು ಸರಿಯಲ್ಲ.

ಸ್ಪರ್ಧೆ ನಡೆಸುವುದು ಸಾರ್ವಜನಿಕ ಟಿವಿ, ರೇಡಿಯೋ ಸಂಸ್ಥೆಗಳ ಒಕ್ಕೂಟ, ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್. ಹೆಸರು ಹತ್ತಿರ ಹತ್ತಿರ ಇದೆ, ಗೊಂದಲ ಆಗೋದು ಸಹಜ ಅಲ್ವಾ? ಈ ಒಕ್ಕೂಟ ಶುರುವಾಗಿದ್ದು 1950ರಲ್ಲಿ. ಮೊದಲ ಸ್ಪರ್ಧೆ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ, ಏಳೇ ದೇಶಗಳ ನಡುವೆ ನಡೆಯಿತು. ಗೆದ್ದದ್ದೂ ಸ್ವಿಟ್ಜರ್ಲೆಂಡೇ. ಆ ದೇಶ ಇವತ್ತಿಗೂ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ!

ಒಕ್ಕೂಟದ ವ್ಯಾಪ್ತಿ ಪಶ್ಚಿಮ ಏಷ್ಯಾಕ್ಕೂ ಉತ್ತರ ಆಫ್ರಿಕಾಕ್ಕೂ ಚಾಚಿದೆ. ಹಾಗಾಗಿ 1973ರಲ್ಲಿ ಇಸ್ರೇಲ್, 1980ರಲ್ಲಿ ಮೊರಾಕೊ ಬಂದವು. ಆಸ್ಟ್ರೇಲಿಯಾದ ಜನ 1983ರಿಂದಲೂ ಟಿವಿಯಲ್ಲಿ ಇದನ್ನು ನೋಡುತ್ತಿದ್ದರು. 2015ರಲ್ಲಿ, ಅರವತ್ತನೇ ವರ್ಷದ ಸಂಭ್ರಮಕ್ಕೆ, ಒಕ್ಕೂಟವೇ ಅವರನ್ನು ಕರೆಯಿತು. ಕದ್ದು ಬಂದವರಲ್ಲ.

ಹಾಡುವವರು ಆ ದೇಶದವರೇ ಆಗಿರಬೇಕೆಂಬ ನಿಯಮವೂ ಇಲ್ಲ. ನನಗೆ ತುಂಬಾ ಇಷ್ಟವಾದ ಉದಾಹರಣೆ 1988ರದ್ದು. ಡಬ್ಲಿನ್‌ನಲ್ಲಿ ಕೆನಡಾದ ಸೆಲೀನ್ ಡಿಯಾನ್ ಸ್ವಿಟ್ಜರ್ಲೆಂಡ್ ಪರ ಹಾಡಿದರು. ಕೊನೆಯ ದೇಶದ ಅಂಕ ಬರುವವರೆಗೂ ಫಲಿತಾಂಶ ಗೊತ್ತಿರಲಿಲ್ಲ. ಅವರಿಗೆ 137, ಬ್ರಿಟನ್‌ಗೆ 136. ಒಂದೇ ಒಂದು ಅಂಕದಲ್ಲಿ ಗೆದ್ದರು.